ನೆರಳಾಗುವ ಹಕ್ಕು ಯಾರದು?

ಹೋದ ತಿಂಗಳು ಒಂದು ರಾತ್ರಿ ಹನ್ನೊಂದೂವರೆಗೆ ಅಮೆರಿಕದಿಂದ ಫೋನು ಬಂತು. ಹಾಸ್ಟೆಲಿನಲ್ಲಿ ನನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡ ಗೆಳೆಯ. ಈಗ ಅಲ್ಲಿ ಕಂಪ್ಯೂಟರ್ ಕೆಲಸ. "ಲೇ ಕವಿ, ಒಂದು ಧರ್ಮಸಂಕಟದಲ್ಲಿ ಸಿಕ್ಕಿಹಾಕಿಕೊಂಡಿದೀನಿ. ನೀನೇ ಹೇಳು" ಅಂದ. ನಾನು ಹೇಳಲಿಲ್ಲ. ಒಂದು ವಾರ ಯೋಚನೆ ಮಾಡಿ ಹೇಳುತ್ತೇನೆ ಅಂದೆ. ಆ ಒಂದು ವಾರದ ಯೋಚನೆಯೇ ಈ ಬರಹ.

ಅವನ ಕೆಳಗಿನ ಮನೆಯಲ್ಲಿ ಒಬ್ಬಳು ಕಪ್ಪು ಹುಡುಗಿ ಇದ್ದಾಳೆ. ತಾಯಿಗೆ ವೃದ್ಧಾಶ್ರಮದಲ್ಲಿ ಮುದುಕರ ಮೈ ತೊಳೆಯುವ ಕೆಲಸ. ಹುಡುಗಿ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಡಿಗ್ರಿ ಎರಡನೇ ವರ್ಷ. ಸರ್ಜನ್ ಆಗಬೇಕು ಎಂಬುದು ಅವಳ ಆಸೆ. ನಮ್ಮಲ್ಲಿಯ ಹಾಗೆ ಅಲ್ಲಿ ಪಿಯುಸಿ ಮುಗಿದ ಕೂಡಲೇ ಮೆಡಿಕಲ್ ಸೀಟು ಇಲ್ಲ. ಮೊದಲು ನಾಲ್ಕು ವರ್ಷ ಡಿಗ್ರಿ, ನಂತರ ಎಂಕ್ಯಾಟ್ ಎಂಬ ಪರೀಕ್ಷೆ, ಆಮೇಲೆ ಮತ್ತೆ ನಾಲ್ಕು ವರ್ಷ ವೈದ್ಯಕೀಯ. ಆದರೆ ಅಂಕ ಮತ್ತು ಪರೀಕ್ಷೆ ಇಷ್ಟಕ್ಕೇ ಸಾಲದು. ಅರ್ಜಿಯಲ್ಲಿ ಇನ್ನೊಂದು ಲೆಕ್ಕ ಬರೆಯಬೇಕು: ಯಾವ ಡಾಕ್ಟರ ಬೆನ್ನ ಹಿಂದೆ ಎಷ್ಟು ಗಂಟೆ ನಿಂತು ಅವರ ಕೆಲಸ ನೋಡಿದ್ದೀಯ? ಇದಕ್ಕೆ ಅಲ್ಲಿ ಶ್ಯಾಡೋಯಿಂಗ್ ಅನ್ನುತ್ತಾರೆ. ಅಂದರೆ ಡಾಕ್ಟರ ನೆರಳಾಗಿ ಹೋಗುವುದು.

ಆ ಮಾತು ಕೇಳಿ ನನಗೆ ಮೊದಲು ನಗು ಬಂತು. ಆಮೇಲೆ ಬರಲಿಲ್ಲ. ನಮ್ಮ ನೆಲದಲ್ಲಿ ನೆರಳಿಗೆ ಬೇರೆಯದೇ ಚರಿತ್ರೆ ಇದೆ. ಪೇಶ್ವೆಗಳ ಆಳ್ವಿಕೆಯಲ್ಲಿ ಅಸ್ಪೃಶ್ಯನ ನೆರಳು ತಾಕಿದರೆ ಮೈಲಿಗೆ. ಆದ್ದರಿಂದ ಸವರ್ಣೀಯ ಬರುತ್ತಿರುವ ಬೀದಿಯಲ್ಲಿ ಅವನು ನಡೆಯುವ ಹಾಗಿರಲಿಲ್ಲ. ಪುಣೆಯಲ್ಲಿ ಅವನು ಸೊಂಟಕ್ಕೆ ಪೊರಕೆ ಕಟ್ಟಿಕೊಂಡು ತನ್ನ ಹೆಜ್ಜೆಯನ್ನು ತಾನೇ ಗುಡಿಸಿಕೊಂಡು ಹೋಗಬೇಕಿತ್ತು. ಇದನ್ನು ಬಾಬಾಸಾಹೇಬರು 1936ರಲ್ಲಿ 'ಜಾತಿ ವಿನಾಶ'ದಲ್ಲಿ ಬರೆದಿಟ್ಟಿದ್ದಾರೆ. ಒಂದು ದೇಶದಲ್ಲಿ ನೆರಳಾಗುವುದು ಅರ್ಜಿಯಲ್ಲಿ ಬರೆದುಕೊಳ್ಳುವ ಯೋಗ್ಯತೆ. ಇನ್ನೊಂದು ದೇಶದಲ್ಲಿ ನೆರಳಿರುವುದೇ ಅಪರಾಧ. ಎರಡು ಕಡೆಯೂ ಕೇಳಬೇಕಾದ ಪ್ರಶ್ನೆ ಮಾತ್ರ ಒಂದೇ: ಯಾರು ಯಾರ ಹತ್ತಿರ ನಿಲ್ಲಬಹುದು? ಅದನ್ನು ತೀರ್ಮಾನ ಮಾಡುವವರು ಯಾರು?

ಸರಿ, ಈ ನೆರಳಿನ ಕೆಲಸ ಹೊಂದಿಸಿಕೊಳ್ಳುವುದು ಹೇಗೆ? ಗೆಳೆಯ ವಿವರವಾಗಿ ಹೇಳಿದ. ಮೊದಲು ನಿನಗೆ ಗೊತ್ತಿರುವ ಡಾಕ್ಟರನ್ನು ಕೇಳು ಅನ್ನುತ್ತಾರೆ. ಮನೆಯ ಡಾಕ್ಟರು, ಸ್ನೇಹಿತರ ಅಪ್ಪ, ಅಮ್ಮ. ಗೊತ್ತಿರುವವರು ಇಲ್ಲದಿದ್ದರೆ ಗೊತ್ತಿಲ್ಲದವರಿಗೆ ಅರ್ಧ ಪುಟದ ಕಾಗದ ಬರೆ: ನಾನು ಇಂಥ ಕಾಲೇಜಿನವಳು, ನಿಮ್ಮ ಕೆಲಸ ಒಂದು ದಿನ ನೋಡಬೇಕು, ಇಂಥಿಂಥ ದಿನ ನನಗೆ ಬಿಡುವಿದೆ. ಒಪ್ಪಿದರೆ ಆಸ್ಪತ್ರೆಯ ಕಚೇರಿಗೆ ಹೋಗಿ ಕಾಗದಪತ್ರ ಮಾಡಿಸಬೇಕು. ಲಸಿಕೆ ಹಾಕಿಸಿಕೊಂಡ ದಾಖಲೆ, ಕ್ಷಯದ ಪರೀಕ್ಷೆ, ರೋಗಿಯ ಗುಟ್ಟು ಹೊರಗೆ ಹೇಳುವುದಿಲ್ಲ ಎಂಬ ಸಹಿ. ರೋಗಿಯ ಗುಟ್ಟು ಕಾಯಲು ಅಲ್ಲಿ 1996ರಿಂದ ಕಾನೂನಿದೆ. ಥಿಯೇಟರಿನ ಒಳಗೆ ಹೋದ ಮೇಲೆ ನೀಲಿ ಬಟ್ಟೆ ಹೊದಿಸಿದ ಯಾವುದನ್ನೂ ಮುಟ್ಟಬಾರದು, ಅದರ ಹತ್ತಿರವೂ ಸುಳಿಯಬಾರದು. ಬೆಳಿಗ್ಗೆ ಹೊಟ್ಟೆಗೆ ತಿಂದು ಹೋಗಬೇಕು, ಮಂಡಿ ಬಿಗಿದು ನಿಲ್ಲಬಾರದು, ತಲೆ ಸುತ್ತಿದರೆ ನಾಚಿಕೊಳ್ಳದೆ ಹಿಂದೆ ಸರಿದು ನೆಲಕ್ಕೆ ಕೂರಬೇಕು. ಮನೆಗೆ ಬಂದು ತಾರೀಕು, ಗಂಟೆ, ನೋಡಿದ್ದು, ಅನ್ನಿಸಿದ್ದು ಬರೆದಿಡಬೇಕು. ಸಂಬಳ ಇಲ್ಲ. ಬಸ್ ಚಾರ್ಜು ನಿನ್ನದೇ.

ಕೇಳಲಿಕ್ಕೆ ಎಲ್ಲ ನ್ಯಾಯವಾಗಿಯೇ ಇದೆ. ಆದರೆ ಮೊದಲನೇ ಮೆಟ್ಟಿಲು ನೋಡಿ: "ನಿನಗೆ ಗೊತ್ತಿರುವ ಡಾಕ್ಟರನ್ನು ಕೇಳು." ಯಾರಿಗೆ ಗೊತ್ತಿರುತ್ತಾರೆ?

ಆ ಹುಡುಗಿ ಮೂವತ್ತೊಂದು ಸರ್ಜನ್‌ಗಳಿಗೆ ಕಾಗದ ಬರೆದಳಂತೆ. ಎರಡು ಉತ್ತರ ಬಂದವು. ಎರಡರಲ್ಲೂ ಆಗುವುದಿಲ್ಲ ಅಂತಲೇ ಇತ್ತು. ಅದೇ ಬಡಾವಣೆಯಲ್ಲಿ ನಮ್ಮ ಕಡೆಯವರದೇ ಒಂದು ಮನೆ. ಅವರ ಮಗನಿಗೂ ಡಾಕ್ಟರಾಗುವ ಆಸೆ. ಭಾನುವಾರ ಊಟಕ್ಕೆ ಬಂದ ಅಂಕಲ್ ಒಬ್ಬರು ಒಂದು ಫೋನು ಮಾಡಿದರು. ಮುಂದಿನ ವಾರ ಹುಡುಗ ಹೃದಯದ ಆಪರೇಷನ್ ನೋಡುತ್ತಾ ನಿಂತಿದ್ದ. ಆ ಹುಡುಗ ಕೆಟ್ಟವನಲ್ಲ. ಅಂಕಲ್ ಲಂಚ ತಿನ್ನಲಿಲ್ಲ. ಯಾರೂ ಯಾರ ಕತ್ತನ್ನೂ ಹಿಡಿದು ತಳ್ಳಲಿಲ್ಲ. ಆದರೂ ಒಬ್ಬಳು ಹೊರಗೆ, ಒಬ್ಬ ಒಳಗೆ. ವ್ಯವಸ್ಥೆ ಅನ್ನುವುದು ಹೀಗೇ ನಡೆಯುತ್ತದೆ. ಅದರಲ್ಲಿ ಖಳನಾಯಕ ಇರಲೇಬೇಕು ಅಂತ ಇಲ್ಲ. ಊಟಕ್ಕೆ ಬರುವ ಅಂಕಲ್ ಇದ್ದರೆ ಸಾಕು.

ಇದು ಒಂದು ಬಡಾವಣೆಯ ಕತೆಯಲ್ಲ. ಅಲ್ಲಿನ ವೈದ್ಯಕೀಯ ಕಾಲೇಜುಗಳ ಒಕ್ಕೂಟವೇ ಹಾಕಿದ ಲೆಕ್ಕ ಇದೆ. ಮೆಡಿಕಲ್ ಸೇರುವ ನಾಲ್ವರಲ್ಲಿ ಸುಮಾರು ಮೂವರು ಬರುವುದು ಮನೆ ವರಮಾನದ ಐದು ಮೆಟ್ಟಿಲುಗಳಲ್ಲಿ ಮೇಲಿನ ಎರಡರಿಂದ. ಕಪ್ಪು ಜನ ಆ ದೇಶದಲ್ಲಿ ನೂರಕ್ಕೆ 13ಕ್ಕೂ ಹೆಚ್ಚು. ಡಾಕ್ಟರುಗಳಲ್ಲಿ ನೂರಕ್ಕೆ ಆರರ ಆಸುಪಾಸು. ಇದಕ್ಕೂ ಚರಿತ್ರೆ ಇದೆ. 1910ರಲ್ಲಿ ಫ್ಲೆಕ್ಸ್‌ನರ್ ವರದಿ ಬಂತು. ವೈದ್ಯಕೀಯ ಶಿಕ್ಷಣ ಸುಧಾರಿಸುವುದು ಅದರ ಉದ್ದೇಶ. ಅಂದು ಇದ್ದ ಏಳು ಕಪ್ಪು ವೈದ್ಯಕೀಯ ಕಾಲೇಜುಗಳಲ್ಲಿ ಐದು ಮುಂದಿನ ವರ್ಷಗಳಲ್ಲಿ ಮುಚ್ಚಿಹೋದವು. ಹೋವರ್ಡ್ ಮತ್ತು ಮೆಹ್ಯಾರಿ ಎರಡು ಮಾತ್ರ ಉಳಿದವು. ಹಾಗಾಗಿ ಒಂದು ಹುಡುಗಿಯ ಕಾಗದಕ್ಕೆ ಉತ್ತರ ಬರಲಿಲ್ಲ ಎಂದರೆ, ಅವಳ ಅಜ್ಜ ಡಾಕ್ಟರಾಗಲಿಲ್ಲ, ಅಜ್ಜನ ಗೆಳೆಯ ಡಾಕ್ಟರಾಗಲಿಲ್ಲ, ಅವರ ಮನೆಗೆ ಭಾನುವಾರ ಊಟಕ್ಕೆ ಬರುವ ಅಂಕಲ್ ಹುಟ್ಟಲೇ ಇಲ್ಲ ಅಂತ ಅರ್ಥ. 2023ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಗಣನೆಗೆ ತೆಗೆದುಕೊಳ್ಳುವ ಪದ್ಧತಿಯನ್ನೂ ತೆಗೆದುಹಾಕಿತು. ಗಂಟೆಗಳ ಲೆಕ್ಕ ಮಾತ್ರ ಹಾಗೇ ಇದೆ.

ಈಗ ಗೆಳೆಯನ ಧರ್ಮಸಂಕಟಕ್ಕೆ ಬರೋಣ. ಯುಗಾದಿಗೆ ಕನ್ನಡದವರೆಲ್ಲ ಸೇರಿದ್ದರು. ಅಲ್ಲಿ ಒಬ್ಬ ಹೆಸರಾಂತ ಸರ್ಜನ್ ಇವನನ್ನು ಮಾತಾಡಿಸಿದರು. "ಯಾವೂರು? ಯಾರ ಪೈಕಿ?" ಇವನು ಊರಿನ ಹೆಸರು ಹೇಳಿದ. ಅವರು ಆ ಊರಿನ ದೊಡ್ಡ ಮನೆಯೊಂದರ ಹೆಸರು ಹೇಳಿ "ಅವರ ಕಡೆಯಾ?" ಅಂದರು. ಇವನು ತಲೆ ಆಡಿಸಿಬಿಟ್ಟ. ಸುಳ್ಳೇನೂ ಅಲ್ಲ, ಇವನ ಅಜ್ಜ ಅದೇ ಮನೆಯಲ್ಲಿ ಜೀತಕ್ಕಿದ್ದವನು. ಅವರು ಹೆಗಲ ಮೇಲೆ ಕೈ ಹಾಕಿ "ನಮ್ಮ ಹುಡುಗರಿಗೆ ಏನು ಬೇಕಾದರೂ ಕೇಳಿ" ಅಂದರು.

"ಈಗ ಹೇಳು ಕವಿ. ಅವರು ನನ್ನನ್ನು ಅವರವನೇ ಅಂದುಕೊಂಡಿದ್ದಾರೆ. ಆ ತಪ್ಪು ತಿಳಿವಳಿಕೆ ಮೇಲೆ ಹುಡುಗಿಗೆ ಒಂದು ಅವಕಾಶ ಕೇಳಲಾ? ಒಂದು ಮಾತಿನಲ್ಲಿ ಕೆಲಸ ಆಗುತ್ತೆ. ಕೇಳದೇ ಇದ್ದರೆ ಅವಳಿಗೆ ಬಾಗಿಲು ಇಲ್ಲ. ಕೇಳಿದರೆ ನಾನು ಯಾವ ಬಾಗಿಲಲ್ಲಿ ಒಳಗೆ ಹೋದ ಹಾಗಾಯ್ತು?"

ವಶೀಲಿ ಇಲ್ಲದವರು ವಶೀಲಿ ಹಿಡಿಯುವುದು ತಪ್ಪೇ? ನನಗೆ ಮೊದಲು ಅನ್ನಿಸಿದ್ದು: ತಪ್ಪೇನು? ಸಾವಿರಾರು ವರ್ಷ ಅವರು ಹಿಡಿದರು, ನಾವು ಒಂದು ದಿನ ಹಿಡಿದರೆ ಆಕಾಶ ಬೀಳುತ್ತಾ? ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಎರಡು ನೆನಪು ಬಂದವು. ಒಂದು ಓದಿದ್ದು, ಒಂದು ಕಂಡದ್ದು.

ಓದಿದ್ದು ವಿವಿಯನ್ ಥಾಮಸ್ ಎಂಬ ಕಪ್ಪು ಮನುಷ್ಯನ ಬದುಕು. 1910ರಲ್ಲಿ ಹುಟ್ಟಿದವನು, ಬಡಗಿ ಕೆಲಸ ಕಲಿತವನು. ಡಾಕ್ಟರಾಗಬೇಕೆಂದು ಕಾಲೇಜಿಗಾಗಿ ದುಡ್ಡು ಕೂಡಿಟ್ಟಿದ್ದ. 1930ರ ಆರ್ಥಿಕ ಕುಸಿತದಲ್ಲಿ ಬ್ಯಾಂಕು ಮುಳುಗಿ ಆ ದುಡ್ಡು ಹೋಯಿತು. ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಆಲ್‌ಫ್ರೆಡ್ ಬ್ಲಾಲಾಕ್ ಎಂಬ ಸರ್ಜನ್‌ನ ಪ್ರಯೋಗಶಾಲೆಗೆ ಸೇರಿದ. ಮಾಡುತ್ತಿದ್ದದ್ದು ಸಂಶೋಧನೆ, ಪುಸ್ತಕದಲ್ಲಿ ಬರೆದುಕೊಂಡದ್ದು ಜಾಡಮಾಲಿ ಅಂತ, ಸಂಬಳವೂ ಅದರದೇ. 1941ರಲ್ಲಿ ಇಬ್ಬರೂ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ಗೆ ಹೋದರು. ಅಲ್ಲಿ ಬಿಳಿ ಕೋಟು ಹಾಕಿದ ಕಪ್ಪು ಮನುಷ್ಯ ಓಣಿಯಲ್ಲಿ ನಡೆದರೆ ಜನ ತಿರುಗಿ ನೋಡುತ್ತಿದ್ದರು.

ಹುಟ್ಟಿನಿಂದ ಹೃದಯದ ದೋಷವಿದ್ದು, ರಕ್ತಕ್ಕೆ ಸಾಕಷ್ಟು ಆಮ್ಲಜನಕ ಸಿಗದೆ ಮೈ ನೀಲಿಯಾಗುವ ಮಕ್ಕಳಿದ್ದವು. ತೋಳಿಗೆ ಹೋಗುವ ರಕ್ತನಾಳವನ್ನು ತಿರುಗಿಸಿ ಶ್ವಾಸಕೋಶದ ನಾಳಕ್ಕೆ ಹೊಲಿದರೆ ಆ ಮಕ್ಕಳು ಉಳಿಯಬಹುದು ಎಂಬ ದಾರಿ ಕಾಣಿಸಿತು. ಅದರ ಹಿಂದೆ ಮಕ್ಕಳ ಹೃದಯ ವೈದ್ಯೆ ಹೆಲೆನ್ ಟೌಸಿಗ್ ಅವರ ಒತ್ತಾಯವಿತ್ತು. ಸುಮಾರು 200 ನಾಯಿಗಳ ಮೇಲೆ ಪ್ರಯೋಗ ಮಾಡಿ ಆ ಹೊಲಿಗೆಯನ್ನು ಸಾಧಿಸಿದ್ದು ಥಾಮಸ್. 1944ರ ನವೆಂಬರ್ 29ರಂದು ಮೊದಲ ಮಗುವಿನ ಆಪರೇಷನ್. ಬ್ಲಾಲಾಕ್ ಕತ್ತರಿ ಹಿಡಿದು ನಿಂತ. ಥಾಮಸ್ ಬರದೆ ಇದು ಆಗುವುದಿಲ್ಲ ಎಂದು ಕರೆಸಿದ. ಬ್ಲಾಲಾಕನ ಬಲ ಭುಜದ ಹಿಂದೆ ಒಂದು ಸ್ಟೂಲು ಹಾಕಿ ಥಾಮಸ್ ನಿಂತ. ಹೊಲಿಗೆ ಯಾವ ಕಡೆಯಿಂದ, ಎಷ್ಟು ದೂರಕ್ಕೆ ಅಂತ ಹೇಳಿಕೊಡುತ್ತಾ ಹೋದ.

ನೋಡಿ, ಸರ್ಜನ್ನ ಹಿಂದೆ ನಿಂತವನು ಕಲಿಯಲು ನಿಂತದ್ದಲ್ಲ, ಕಲಿಸಲು ನಿಂತದ್ದು. ಆದರೆ 1945ರಲ್ಲಿ ಪ್ರಕಟವಾದ ವೈದ್ಯಕೀಯ ಲೇಖನದಲ್ಲಿ ಇದ್ದದ್ದು ಬ್ಲಾಲಾಕ್, ಟೌಸಿಗ್ ಎರಡೇ ಹೆಸರು. ಥಾಮಸನ ಹೆಸರಿಲ್ಲ. ಸಂಬಳ ಸಾಲದೆ ಅವನು ಬ್ಲಾಲಾಕನ ಮನೆಯ ಪಾರ್ಟಿಗಳಲ್ಲೇ ಮದ್ಯ ಬಡಿಸಿದ. ಹಗಲು ಅವನಿಂದ ಕಲಿತವರಿಗೇ ರಾತ್ರಿ ಗ್ಲಾಸು ತುಂಬಿಸಿದ. 1976ರಲ್ಲಿ ಜಾನ್ಸ್ ಹಾಪ್ಕಿನ್ಸ್ ಅವನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅದೂ ಕಾನೂನಿನ ಡಾಕ್ಟರೇಟ್, ವೈದ್ಯಕೀಯದ್ದಲ್ಲ. 1985ರಲ್ಲಿ ತೀರಿಕೊಂಡ. ಈಗ ಆ ಆಪರೇಷನ್ನಿಗೆ ಅವನ ಹೆಸರನ್ನೂ ಸೇರಿಸಿ ಕರೆಯುವವರಿದ್ದಾರೆ. ಎಪ್ಪತ್ತು ಎಂಬತ್ತು ವರ್ಷ ತಡವಾಗಿ.

ಇನ್ನು ಕಂಡದ್ದು. ನಮ್ಮವ್ವ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಗುತ್ತಿಗೆ ಆಯಾ. ಹತ್ತೊಂಬತ್ತು ವರ್ಷ ಆಪರೇಷನ್ ಥಿಯೇಟರಿನ ನೆಲ ಒರೆಸಿದ್ದಾಳೆ, ಬಕೆಟ್ಟು ಎತ್ತಿದ್ದಾಳೆ, ರಕ್ತದ ಬಟ್ಟೆ ಒಗೆದಿದ್ದಾಳೆ. ಒಂದು ದಿನ ಒಬ್ಬ ಬಾಣಂತಿಯ ಹೊಟ್ಟೆ ಹೊಲಿಯಲು ಶುರುಮಾಡಿದ್ದರಂತೆ. ಬೇಸಿನ್ನಿನಲ್ಲಿ ಬಿದ್ದ ಬಟ್ಟೆ ಎಣಿಸುವುದು ಅವ್ವನ ಕೆಲಸವಲ್ಲ. ಆದರೂ ದಿನಾ ನೋಡಿದ ಕಣ್ಣು. "ಸಿಸ್ಟ್ರೇ, ಒಂದು ಬಟ್ಟೆ ಕಮ್ಮಿ ಐತೆ" ಅಂದಳು. ಡಾಕ್ಟರು ತಲೆ ಎತ್ತದೆ "ನೀನು ನೆಲ ನೋಡಮ್ಮ" ಅಂದರು. ಅವ್ವ ಮತ್ತೆ ಹೇಳಿದಳು. ಸಿಸ್ಟರು ಎಣಿಸಿದರು. ಒಂದು ಕಮ್ಮಿ ಇತ್ತು. ಬಟ್ಟೆ ಹೊಟ್ಟೆಯೊಳಗೆ ಸಿಕ್ಕಿತು. ಆ ಬಾಣಂತಿ ಬದುಕಿದಳು. ಅವ್ವನ ಹೆಸರು ಯಾವ ರಿಜಿಸ್ಟರಿನಲ್ಲೂ ಬರಲಿಲ್ಲ. ಆ ತಿಂಗಳ ಗುತ್ತಿಗೆ ಸಂಬಳವೂ ಎರಡು ತಿಂಗಳು ತಡವಾಗಿಯೇ ಬಂತು.

ಅಲ್ಲಿನ ಒಬ್ಬ ವಿದ್ಯಾರ್ಥಿ ನಲವತ್ತು ಐವತ್ತು ಗಂಟೆ ನಿಂತು ನೋಡಿದರೆ ಅದು ಅನುಭವ. ನಮ್ಮವ್ವ ಹತ್ತೊಂಬತ್ತು ವರ್ಷ ನಿಂತು ನೋಡಿದ್ದು ಏನು? ಅವಳ ಕಣ್ಣು ಕಂಡದ್ದೂ ಅದೇ ರಕ್ತ, ಅದೇ ಹೊಲಿಗೆ. ಹಾಗಾದರೆ ನೋಟಕ್ಕೆ ಬೆಲೆ ಬರುವುದು ನೋಡಿದ್ದರಿಂದ ಅಲ್ಲ, ನೋಡಿದವರು ಯಾರು ಎಂಬುದರಿಂದ. ಮೇಲೆ ಹೋಗಲಿರುವವನ ನೋಟ ಕಲಿಕೆ. ಕೆಳಗೇ ಇರಬೇಕಾದವಳ ನೋಟ ಕೆಲಸ. ಥಾಮಸನಿಗೂ ನಮ್ಮವ್ವನಿಗೂ ಥಿಯೇಟರಿನ ಬಾಗಿಲು ಮುಚ್ಚಿರಲಿಲ್ಲ ಗೆಳೆಯರೇ. ಒಳಗೇ ಇದ್ದರು. ಮುಚ್ಚಿದ್ದು ಪುಸ್ತಕ. ಆದ್ದರಿಂದ "ಒಳಗೆ ಬಿಡಿ" ಅಂತ ಕೇಳಿದರೆ ಸಾಲದು. "ಬರೆದುಕೊಳ್ಳಿ" ಅಂತಲೂ ಕೇಳಬೇಕು.

ಇಲ್ಲಿ ಒಬ್ಬ ಮೇಷ್ಟ್ರು ನನ್ನನ್ನು ತಡೆದರು. "ಎಲ್ಲ ಸರಿ ಕಣಯ್ಯ. ನೋಡುವವರ ಹಕ್ಕನ್ನೇ ಹೇಳ್ತಾ ಇದೀಯ. ಮಂಚದ ಮೇಲೆ ಮಲಗಿರೋನು ಯಾರು?" ಅಂದರು. ಈ ಪ್ರಶ್ನೆ ನನ್ನನ್ನು ಬಾಯಿ ಮುಚ್ಚಿಸಿತು. 1840ರ ದಶಕದಲ್ಲಿ ಅಲಬಾಮಾದ ಮಾಂಟ್‌ಗೊಮೆರಿಯಲ್ಲಿ ಮೇರಿಯನ್ ಸಿಮ್ಸ್ ಎಂಬ ಸರ್ಜನ್ ಗುಲಾಮ ಹೆಂಗಸರ ಮೇಲೆ ಹೆರಿಗೆಯಲ್ಲಾದ ಗಾಯದ ಆಪರೇಷನ್ ಮತ್ತೆ ಮತ್ತೆ ಮಾಡಿ ಕಲಿತ. ಅರಿವಳಿಕೆ ಇಲ್ಲ. ಒಪ್ಪಿಗೆ ಕೇಳುವ ಪ್ರಶ್ನೆಯೇ ಇಲ್ಲ. ಗುಲಾಮರ ಮೈ ಒಡೆಯನದು. ಮೂವರ ಹೆಸರು ಉಳಿದಿದೆ: ಅನಾರ್ಕ, ಬೆಟ್ಸಿ, ಲೂಸಿ. ಅನಾರ್ಕಳ ಮೇಲೆ ಸುಮಾರು ಮೂವತ್ತು ಸಲ. ಮೊದಮೊದಲು ಬೇರೆ ಡಾಕ್ಟರುಗಳು ಬಂದು ನಿಂತು ನೋಡಿದರು, ಸಹಾಯ ಮಾಡಿದರು. ಅವರು ಬೇಸತ್ತು ಬಿಟ್ಟುಹೋದ ಮೇಲೆ ಆ ಹೆಂಗಸರಿಗೇ ಕಲಿಸಿ, ಒಬ್ಬಳ ಆಪರೇಷನ್ನಿಗೆ ಇನ್ನೊಬ್ಬಳು ಕೈ ಕೊಡುವಂತೆ ಮಾಡಿದ. ಸಿಮ್ಸ್‌ಗೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಪ್ರತಿಮೆ ಇತ್ತು. 2018ರ ಏಪ್ರಿಲ್‌ನಲ್ಲಿ ಅದನ್ನು ಅಲ್ಲಿಂದ ತೆಗೆದರು.

ನಮ್ಮಲ್ಲೂ ನೋಡಿ. ಸರ್ಕಾರಿ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಒಬ್ಬಳ ಹೊಟ್ಟೆಯನ್ನು ಹತ್ತು ವಿದ್ಯಾರ್ಥಿಗಳು ಒತ್ತಿ ನೋಡುತ್ತಾರೆ. ಸ್ಪೆಷಲ್ ವಾರ್ಡಿನ ಬಾಗಿಲಿಗೆ ಪರದೆ. ಬಡವರ ಮೈ ಪಠ್ಯಪುಸ್ತಕ, ಉಳ್ಳವರ ಮೈ ದೇವರ ಕೋಣೆ. ಈ ವ್ಯವಸ್ಥೆಯಲ್ಲಿ ನಮ್ಮ ಕೇರಿಯ ಹುಡುಗನೊಬ್ಬ ನೋಡುವ ಹಕ್ಕು ಗೆದ್ದು ಹೋಗಿ ನಮ್ಮ ಕೇರಿಯ ಮುದುಕಿಯನ್ನೇ ಕೇಳದೆ ಹೇಳದೆ ನೋಡಿದರೆ ಏನು ಗೆದ್ದ ಹಾಗಾಯಿತು? ನೋಡುವ ಹಕ್ಕಿಗಿಂತ ಮೊದಲನೆಯದು "ಬೇಡ, ನೋಡಬೇಡ" ಅನ್ನುವ ಹಕ್ಕು. ಬೇಡ ಅಂದರೂ ಅವಳ ಔಷಧಿ ನಿಲ್ಲಬಾರದು, ಮುಖ ಗಂಟು ಹಾಕಬಾರದು. ಆಗ ಮಾತ್ರ ಅವಳ ಹೂಂ ನಿಜವಾದ ಹೂಂ.

ಇಷ್ಟಾದ ಮೇಲೆ ಗೆಳೆಯನಿಗೆ ಏನು ಹೇಳುವುದು? ಅವ್ವನನ್ನು ಕೇಳಿದೆ. ಅವ್ವ ಅಕ್ಕಿ ಆರಿಸುತ್ತಿದ್ದಳು. "ಅವನು ತಲೆ ಆಡ್ಸಿದ್ದು ತಪ್ಪು. ಆ ಹುಡ್ಗಿ ಒಳಕ್ಕೋಗೋದು ಸರಿ. ಎರಡ್ನೂ ಯಾಕ್ಲಾ ಒಂದೇ ಗಂಟ್ ಹಾಕ್ತೀಯ?" ಅಂದಳು.

ನಾನು ಗಂಟು ಬಿಚ್ಚಿದೆ. ಹತ್ತು ಜನರ ಮುಂದೆ ನಿಂತು ಕೇಳಬಹುದಾದದ್ದು ಹಕ್ಕು. ಕಿವಿಯ ಹತ್ತಿರ ಹೋಗಿ ಕೇಳಬೇಕಾದದ್ದು ವಶೀಲಿ. ಕೇಳುವ ವಸ್ತು ಒಂದೇ ಆಗಿರಬಹುದು, ಕೇಳುವ ರೀತಿಯಲ್ಲಿ ಎಲ್ಲ ಇದೆ. "ನಮ್ಮ ಹುಡುಗಿ, ಒಳಗೆ ಬಿಡಿ" ಅಂದರೆ ಬಾಗಿಲು ಒಬ್ಬಳಿಗೆ ತೆರೆದು ಮತ್ತೆ ಮುಚ್ಚುತ್ತದೆ. ಜೊತೆಗೆ 'ನಮ್ಮವರು' ಎಂಬ ಜಾತಿಯ ಬೀಗಕ್ಕೆ ಎಣ್ಣೆಯನ್ನೂ ಹಾಕಿದಂತಾಗುತ್ತದೆ. "ಗೊತ್ತಿರುವವರು ಯಾರೂ ಇಲ್ಲದ ಮಕ್ಕಳಿಗೆ ತಿಂಗಳಿಗೆ ಎರಡು ದಿನ ಇಡಿ, ಹೆಸರು ಬರೆಸಿದವರನ್ನು ಸರದಿಯಲ್ಲಿ ಕರೆಯಿರಿ" ಅಂದರೆ ಅದನ್ನು ಯಾರ ಮುಂದೆಯೂ ಹೇಳಬಹುದು. ಆ ಸರದಿಯಲ್ಲಿ ಆ ಹುಡುಗಿಯ ಹೆಸರೂ ಇರಲಿ.

ಗೆಳೆಯನಿಗೆ ಅದನ್ನೇ ಹೇಳಿದೆ. "ಮೊದಲು ನಾನು ಯಾರ ಮೊಮ್ಮಗ ಅಂತ ಹೇಳಬೇಕಲ್ಲೋ" ಅಂದ. ಹೌದು ಅಂದೆ. ಬಹಳ ಹೊತ್ತು ಸುಮ್ಮನಿದ್ದ. ಎಂಟು ದಿನ ಬಿಟ್ಟು ಹೋಗಿ ಹೇಳಿದನಂತೆ: "ಸರ್, ನಾನು ಆ ಮನೆಯವರ ಕಡೆಯಲ್ಲ. ನಮ್ಮಜ್ಜ ಅಲ್ಲಿ ಜೀತಕ್ಕಿದ್ದ." ಆಮೇಲೆ ಸರದಿಯ ಮಾತನ್ನೂ ಹೇಳಿದ. ಅವರು ಸಿಟ್ಟಾಗಲಿಲ್ಲ. ನೋಡೋಣ ಅಂದರು. ಇನ್ನೂ ನೋಡುತ್ತಲೇ ಇದ್ದಾರೆ.

ಹುಡುಗಿ ಕಾಯುತ್ತಾ ಕೂರಲಿಲ್ಲ. ಬಡವರು ಹೆಚ್ಚಾಗಿ ಬರುವ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಸ್ವಯಂಸೇವಕಿಯಾಗಿ ವೀಲ್‌ಚೇರು ತಳ್ಳುವ ಕೆಲಸಕ್ಕೆ ಸೇರಿದಳು. ನಾಲ್ಕು ತಿಂಗಳು ತಳ್ಳಿದ ಮೇಲೆ ಲಿಫ್ಟಿನಲ್ಲಿ ಸಿಕ್ಕಿದ ಒಬ್ಬ ಸರ್ಜನ್ನನ್ನು ನೇರವಾಗಿ ಕೇಳಿಯೇಬಿಟ್ಟಳು. ಆಕೆ ಒಪ್ಪಿದರು. ಆಪರೇಷನ್ನಿಗೆ ಮುಂಚೆ ಒಬ್ಬ ಮುದುಕನ ಹತ್ತಿರ ಕರೆದುಕೊಂಡು ಹೋಗಿ "ಈ ಹುಡುಗಿ ನೋಡಬಹುದೇ?" ಅಂತ ಕೇಳಿದರು. ಮುದುಕ ಹುಡುಗಿಯ ಹೆಸರು ಕೇಳಿ, ಆಮೇಲೆ ಹೂಂ ಅಂದನಂತೆ. ಅವಳ ಪುಸ್ತಕದಲ್ಲಿ ಈಗ ಹದಿನಾರು ಗಂಟೆ ಇದೆ.

ಇದನ್ನು ಗೆಲುವು ಅನ್ನಲಾರೆ. ಸರದಿ ಇನ್ನೂ ಬಂದಿಲ್ಲ. ಲಿಫ್ಟಿನಲ್ಲಿ ಸಿಕ್ಕಿದ್ದು ಅದೃಷ್ಟ, ಅದೃಷ್ಟ ನ್ಯಾಯವಲ್ಲ.

ನಮ್ಮ ದೇಶದಲ್ಲಿ ಈ ಗಂಟೆಗಳ ಲೆಕ್ಕ ಇಲ್ಲ, ನೀಟ್ ಒಂದೇ ಸಾಕು ಅಂತ ಸಮಾಧಾನಪಡುವವರು ಕೋಚಿಂಗ್ ಕ್ಲಾಸಿನ ಫೀಸಿನ ಬೋರ್ಡು ಓದಿ ಬರಲಿ. ಬಾಗಿಲಿನ ಆಕಾರ ಬೇರೆ, ಅಷ್ಟೆ. ಮೆಡಿಕಲ್ ಸೇರಿದ ಮೊದಲ ವರ್ಷದಿಂದಲೇ ವಿದ್ಯಾರ್ಥಿಗಳನ್ನು ರೋಗಿಗಳ ಹತ್ತಿರ ಕರೆದೊಯ್ಯಬೇಕು ಅಂತ 2019ರ ಪಠ್ಯಕ್ರಮ ಹೇಳುತ್ತದೆ. ಒಳ್ಳೆಯದೇ. ಆದರೆ ಸೇರುವುದಕ್ಕೂ ಮುಂಚೆ, ಡಾಕ್ಟರು ಅಂದರೆ ಸೂಜಿ ಚುಚ್ಚಿ ಚೀಟಿ ಬರೆದು ಬೈಯುವವರು ಅಂತ ಮಾತ್ರ ಗೊತ್ತಿರುವ ನಮ್ಮ ಮಕ್ಕಳಿಗೆ ಆ ಕೆಲಸ ತನ್ನದೂ ಆಗಬಹುದು ಅಂತ ಎಲ್ಲಿ ಗೊತ್ತಾಗಬೇಕು?

ಹಳ್ಳಿಯ ಮೇಷ್ಟ್ರುಗಳೇ, ಹೈಸ್ಕೂಲಿನ ನಾಲ್ಕು ಮಕ್ಕಳನ್ನು ಒಂದು ದಿನ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅರ್ಜಿ ಬರೆದು, ಅನುಮತಿ ಪಡೆದು, ಎಲ್ಲರ ಮುಂದೆ. ಮಂಚದ ಮೇಲಿರುವವರನ್ನು ಮೊದಲು ಕೇಳಿ. ಡಾಕ್ಟರಾದ ನಮ್ಮ ಅಣ್ಣಂದಿರೇ, ಅಕ್ಕಂದಿರೇ, ಆ ಮಕ್ಕಳು ಬಂದಾಗ ಅವರು ಯಾರ ಪೈಕಿ ಅಂತ ಕೇಳಬೇಡಿ. ಹೆಸರು ಕೇಳಿ ಸಾಕು. ಹೊರಗೆ ಬರುವಾಗ ನೆಲ ಒರೆಸುತ್ತಿರುವ ಆಯಾ ಸಿಗುತ್ತಾಳೆ. ಅವಳಿಗೆ ಏನು ಗೊತ್ತು ಅಂತ ಮಕ್ಕಳ ಕೈಲಿ ಕೇಳಿಸಿ. ಹೇಳಿದ್ದನ್ನು ಅವಳ ಹೆಸರಿನ ಜೊತೆ ಬರೆಸಿ.